ಕಬ್ಬಿಣವಿಲ್ಲದ ಕಬ್ಬಿಣದ ನೂಲು

ಬಾಗಿಸಿದ ಉಕ್ಕಿನ ಕೊಳವೆಗಳು, ಅವುಗಳ ನಡುವೆ ಬಿಗಿದು ಕಟ್ಟಿದ ಕಪ್ಪು ಚರ್ಮದ ಪಟ್ಟಿಗಳು. ‘ವಾಸಿಲಿ ಕುರ್ಚಿ’ ಎಂದೊಡನೆ ಪೀಠೋಪಕರಣಗಳ ಬಗ್ಗೆ ಆಸಕ್ತಿ ಇರುವವರ ಕಣ್ಣಮುಂದೆ ಬರುವ ಚಿತ್ರ ಇದು. ದೊಡ್ಡ ಕಂಪನಿಗಳ ಸ್ವಾಗತ ಕೊಠಡಿಗಳಲ್ಲಿ ಅದರ ನಕಲುಗಳನ್ನು ಕಂಡವರೂ ಅನೇಕರಿರಬಹುದು. ಆದರೆ ಜರ್ಮನಿಯ ಡೆಸ್ಸೌ ನಗರದ ಬೌಹೌಸ್ ಕಲಾಶಾಲೆಯಲ್ಲಿದ್ದ ಮಾರ್ಸೆಲ್ ಬ್ರಾಯರ್ 1925ರಲ್ಲಿ ಇದನ್ನು ರೂಪಿಸಿದಾಗ ಅದಕ್ಕೆ ಆ ಹೆಸರೂ ಇರಲಿಲ್ಲ, ಆ ಚರ್ಮವೂ ಇರಲಿಲ್ಲ. ಹೆಸರು ಬರಿಯ ‘ಬಿ-3’. ಪಟ್ಟಿಗಳು ಬಟ್ಟೆಯವು. ವಾಸಿಲಿ ಎಂಬ ಹೆಸರು ಅಂಟಿಕೊಂಡದ್ದು, ಚರ್ಮದ ರೂಪ ಜಗತ್ಪ್ರಸಿದ್ಧವಾದದ್ದು 1960ರ ದಶಕದಲ್ಲಿ ಇಟಲಿಯ ಗವೀನಾ ಸಂಸ್ಥೆ ಅದನ್ನು ಮತ್ತೆ ತಯಾರಿಸತೊಡಗಿದ ಮೇಲೆ.

ಹೀಗಾಗಿ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ಹಳೆಯ ಮನೆಯ ಅಟ್ಟದಲ್ಲಿ ಸಿಕ್ಕಿದ ಕುರ್ಚಿಯಲ್ಲಿ ಹೊಳಪು ಮಾಸಿದ ಬಟ್ಟೆ ಇದ್ದರೆ, ಯಾರೋ ಚರ್ಮ ತೆಗೆದು ಅಗ್ಗದ ಬಟ್ಟೆ ಹಾಕಿಸಿದ್ದಾರೆಂದೇ ಮೊದಲು ಅನ್ನಿಸುತ್ತದೆ. ಅದನ್ನು ಕಿತ್ತೆಸೆದು ಹೊಸ ಚರ್ಮ ಹಾಕಿಸಿದರೆ ಕುರ್ಚಿಯ ಅರ್ಧ ಇತಿಹಾಸ ಕಸದ ಬುಟ್ಟಿಗೆ ಹೋಯಿತು ಎಂದೇ ಅರ್ಥ. ಉಕ್ಕಿನ ಕೊಳವೆಯಾದರೆ ನೂರು ವರ್ಷ ಬಾಳುತ್ತದೆ. ಬಟ್ಟೆಗೆ ಆ ಭಾಗ್ಯವಿಲ್ಲ.

ಆ ಬಟ್ಟೆಗೆ ಜರ್ಮನ್ ಭಾಷೆಯಲ್ಲಿ ‘ಐಸನ್‌ಗಾರ್ನ್’ ಎನ್ನುತ್ತಾರೆ. ಕಬ್ಬಿಣದ ನೂಲು ಎಂದು ಅರ್ಥ. ಅದರಲ್ಲಿ ಕಬ್ಬಿಣ ಗುಲಗಂಜಿಯಷ್ಟೂ ಇಲ್ಲ. ಹತ್ತಿಯ ನೂಲನ್ನು ಗಂಜಿ ಮತ್ತು ಮೇಣದ ದ್ರಾವಣದಲ್ಲಿ ಅದ್ದಿ, ಉರುಳೆಗಳ ಮೇಲೆ ಹಾಯಿಸಿ, ಕುಂಚಗಳಿಂದ ತಿಕ್ಕಿ ನುಣುಪು ಮಾಡಿದರೆ ಸಿಗುವ ಗಟ್ಟಿ ದಾರ ಅದು. ಮಗ್ಗಕ್ಕೇರಿಸುವ ಮೊದಲು ಹಾಸಿಗೆ ಗಂಜಿ ಹಚ್ಚುವ ನಮ್ಮ ನೇಕಾರರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದಿಂದಲೇ ಜರ್ಮನಿಯಲ್ಲಿ ಬಳಕೆಯಲ್ಲಿದ್ದ ಈ ನೂಲಿನ ಬಟ್ಟೆಯನ್ನು ಕುರ್ಚಿಗೆ ಒಗ್ಗುವಂತೆ ಸುಧಾರಿಸಿದವರಲ್ಲಿ ಬೌಹೌಸ್‌ನ ನೇಯ್ಗೆ ವಿಭಾಗದಲ್ಲಿ ಕಲಿತ ಮಾರ್ಗರೆಥಾ ರೈಖಾರ್ಟ್ ಮುಖ್ಯರು. ಕುರ್ಚಿಯೊಂದಿಗೆ ಬ್ರಾಯರ್ ಹೆಸರು ಉಳಿಯಿತು. ಬಟ್ಟೆಯೊಂದಿಗೆ ರೈಖಾರ್ಟ್ ಹೆಸರು ಅಷ್ಟಾಗಿ ಉಳಿಯಲಿಲ್ಲ.

ಯುದ್ಧಕಾಲದ ಅಭಾವವೂ ಕುರ್ಚಿಗಳಿಗೆ ವಿಚಿತ್ರ ಉಡುಪುಗಳನ್ನು ತೊಡಿಸಿದೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅಮೆರಿಕದ ನೋಲ್ ಸಂಸ್ಥೆಗಾಗಿ ಯೆನ್ಸ್ ರೀಸಂ ರೂಪಿಸಿದ ಕುರ್ಚಿಗಳಿಗೆ ಸೈನ್ಯಕ್ಕೆ ಬೇಡವಾದ ಪ್ಯಾರಾಚೂಟ್ ಪಟ್ಟಿಗಳನ್ನು ಹೆಣೆಯಲಾಯಿತು. ಡೆನ್ಮಾರ್ಕಿನಲ್ಲಿ ಸಮುದ್ರ ಹುಲ್ಲಿನ ಹಗ್ಗಕ್ಕೆ ಬದಲಾಗಿ ಕಾಗದವನ್ನೇ ಹೊಸೆದು ಹಗ್ಗ ಮಾಡಿದರು. ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ, ಬೆನ್ನಿನಲ್ಲಿ ಇಂಗ್ಲಿಷ್ ವೈ ಅಕ್ಷರದಂಥ ಕವಲಿರುವ ಕುರ್ಚಿಯ ಪೀಠಕ್ಕೆ ಇಂಥ ಹಗ್ಗ ಸುಮಾರು 120 ಮೀಟರ್ ಬೇಕು. ಕಾಗದದ ಮೇಲೆ ಕೂರುವುದೇ ಎಂದು ನಗುವವರುಂಟು. ಅದು ದಶಕಗಟ್ಟಲೆ ಬಾಳುತ್ತದೆ. ಪೀಠದ ಅಡಿಯಲ್ಲಿ ಸಿಗುವ ತುದಿಯೊಂದರ ಹುರಿ ಬಿಚ್ಚಿದರೆ ಸಾಕು, ಹುಲ್ಲಿಗೆ ಬದಲಾಗಿ ಸುಕ್ಕುಗಟ್ಟಿದ ಕಾಗದದ ಪಟ್ಟಿ ಬಿಚ್ಚಿಕೊಳ್ಳುತ್ತದೆ.

ಎಲ್ಲ ವಸ್ತುಗಳೂ ಇಷ್ಟು ಸುಲಭವಾಗಿ ಗುಟ್ಟು ಬಿಟ್ಟುಕೊಡುವುದಿಲ್ಲ. ರೇಷ್ಮೆ ಸೀರೆ ಕೊಳ್ಳುವಾಗ ಸೆರಗಿನ ಎಳೆಯೊಂದನ್ನು ಸುಟ್ಟು ಮೂಸಿ ನೋಡುವ ಹಿರಿಯರ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಉಣ್ಣೆ ಮತ್ತು ಕೂದಲು ಮುರುಟಿಕೊಂಡು ಸುಟ್ಟ ಕೂದಲಿನ ವಾಸನೆ ಬೀರುತ್ತವೆ. ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಸ್ತು ಸಂಗ್ರಹಾಲಯದವರು ಬೆಂಕಿಗಿಂತ ಸೂಕ್ಷ್ಮದರ್ಶಕವನ್ನು ನೆಚ್ಚುತ್ತಾರೆ: ಹತ್ತಿಯ ಎಳೆ ತಿರುಚಿದ ರಿಬ್ಬನ್‌ನಂತೆ ಕಾಣುತ್ತದೆ, ಉಣ್ಣೆಯ ಮೇಲೆ ಮೀನಿನಂತೆ ಹುರುಪೆಗಳಿರುತ್ತವೆ. ಹಳೆಯ ನೂಲಿನಲ್ಲಿ ಗಂಜಿ ಉಳಿದಿದೆಯೇ ಎಂದು ತಿಳಿಯಲು ಶಾಲೆಯ ಪ್ರಯೋಗಶಾಲೆಯ ಅಯೋಡಿನ್ ಹನಿಯೇ ಸಾಕು. ಗಂಜಿ ಇದ್ದರೆ ಕಡುನೀಲಿಗೆ ತಿರುಗುತ್ತದೆ.

ಕುದುರೆ ಬಾಲದ ಕೂದಲಿನ ಬಟ್ಟೆಯನ್ನು ಗುರುತಿಸಲು ಇಷ್ಟೂ ಬೇಕಿಲ್ಲ, ಒಂದು ಅಳತೆಪಟ್ಟಿ ಇದ್ದರೆ ಆದೀತು. ಈ ಬಟ್ಟೆಯಲ್ಲಿ ಹಾಸು ಹತ್ತಿಯದು, ಹೊಕ್ಕು ಒಂದೊಂದೇ ಕೂದಲಿನದು. ಹಾಗಾಗಿ ಬಟ್ಟೆಯ ಅಗಲ ಬಾಲದ ಉದ್ದವನ್ನು ಮೀರುವಂತಿಲ್ಲ. ಹೆಚ್ಚೆಂದರೆ ಎರಡು ಅಡಿಯ ಆಚೀಚೆ. ಅಗಲವಾದ ಸೋಫಾದ ನಡುವೆ ಹೊಲಿಗೆ ಕಂಡರೆ ಅನುಮಾನಿಸಲು ಕಾರಣವುಂಟು. ಈ ಮಿತಿಯನ್ನು ಮೀರಲು ಕೃತಕ ಕೂದಲು ಬಂತು. ಅಂಥ ಬಟ್ಟೆಗಳ ಪ್ರಯೋಗದಲ್ಲಿ ಓಟಿ ಬೆರ್ಗರ್ ಅವರಷ್ಟು ಆಳಕ್ಕಿಳಿದವರು ವಿರಳ.

1898ರಲ್ಲಿ ಇಂದಿನ ಕ್ರೊಯೇಷಿಯಾದ ಹಳ್ಳಿಯೊಂದರಲ್ಲಿ ಹುಟ್ಟಿದ ಬೆರ್ಗರ್‌ಗೆ ಕಿವಿ ಅಷ್ಟಾಗಿ ಕೇಳುತ್ತಿರಲಿಲ್ಲ. ಬಟ್ಟೆಯನ್ನು ಕಣ್ಣಿನಿಂದಲ್ಲ, ಕೈಯಿಂದ ಅರಿಯಬೇಕೆಂಬುದು ಅವರ ವಾದ. ಬೌಹೌಸ್‌ನಲ್ಲಿ ಕಲಿತು, ಅಲ್ಲಿಯ ನೇಯ್ಗೆ ವಿಭಾಗವನ್ನು ಕೆಲಕಾಲ ನಡೆಸಿ, 1932ರಲ್ಲಿ ಬರ್ಲಿನ್‌ನಲ್ಲಿ ಸ್ವಂತ ಕಾರ್ಯಾಗಾರ ತೆರೆದರು. ಪೀಠದ ಹೊದಿಕೆಗಾಗಿ ತಾವು ರೂಪಿಸಿದ ಜೋಡಿ ನೇಯ್ಗೆಗೆ 1934ರಲ್ಲಿ ಪೇಟೆಂಟ್ ಪಡೆದರು. ನೇಕಾರರೊಬ್ಬರು ವಾಸ್ತುಶಿಲ್ಪಿಗಳಂತೆ ತಮ್ಮ ಹಕ್ಕು ಕೇಳಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಬಟ್ಟೆಯ ಮೇಲೆ ತಮ್ಮ ಹೆಸರಿನ ಮೊದಲಕ್ಷರಗಳಿರಬೇಕೆಂದು ಕಂಪನಿಗಳೊಡನೆ ಅವರು ಹಟ ಹಿಡಿದದ್ದೂ ಉಂಟು.

ಬೆರ್ಗರ್ ಯಹೂದಿ. 1936ರಲ್ಲಿ ನಾಜಿ ಆಡಳಿತ ಅವರಿಗೆ ಕೆಲಸ ಮಾಡದಂತೆ ನಿಷೇಧ ಹಾಕಿತು. 1937ರಲ್ಲಿ ಲಂಡನ್ನಿಗೆ ಹೋದರು. ಅಲ್ಲಿ ಭಾಷೆ ತಿಳಿಯದು, ಕೆಲಸ ಸಾಲದು. ಬೌಹೌಸ್‌ನ ಹಳೆಯ ಒಡನಾಡಿಗಳು ಅಮೆರಿಕಕ್ಕೆ ಕರೆಯುತ್ತಿದ್ದರು. ಅಷ್ಟರಲ್ಲಿ ತಾಯಿಗೆ ಕಾಯಿಲೆಯೆಂದು 1938ರಲ್ಲಿ ಊರಿಗೆ ಮರಳಿದರು. ಅಮೆರಿಕದ ವೀಸಾ ಬರಲಿಲ್ಲ. 1944ರಲ್ಲಿ ಅವರನ್ನು ಆಶ್‌ವಿಟ್ಸ್‌ಗೆ ಸಾಗಿಸಿ ಕೊಲ್ಲಲಾಯಿತು.

ಅವರು ನೇಯ್ದ ಬಟ್ಟೆಯ ಮಾದರಿ ತುಂಡುಗಳು ಬರ್ಲಿನ್‌ನ ಬೌಹೌಸ್ ಸಂಗ್ರಹದಲ್ಲಿಯೂ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿಯೂ ಉಳಿದಿವೆ. 1930ರ ದಶಕದ ಕುರ್ಚಿಯೊಂದರ ಹೊದಿಕೆ ಯಾರ ಕೈಯದೆಂದು ತಿಳಿಯಬೇಕಾದರೆ ಅದರ ಎಳೆಗಳನ್ನು ಎಣಿಸಿ ಇಂಥ ತುಂಡುಗಳೊಂದಿಗೆ ಹೋಲಿಸಬೇಕು. ಅದಕ್ಕೆ ಹಳೆಯ ಬಟ್ಟೆ ಇನ್ನೂ ಕುರ್ಚಿಯ ಮೇಲಿರಬೇಕು.