ಮದರ್‌ಬೋರ್ಡ್‌ನ ವಿದ್ಯುತ್ ನಿಯಂತ್ರಕ

ಗಣಕಯಂತ್ರದ ಪ್ರೊಸೆಸರ್‌ಗೆ ಬೇಕಾದ ಅಲ್ಪ ವೋಲ್ಟೇಜಿನ ವಿದ್ಯುತ್ತನ್ನು ಸ್ಥಿರವಾಗಿ ಒದಗಿಸುವ, ಮದರ್‌ಬೋರ್ಡ್‌ನ ಮೇಲೆಯೇ ಇರುವ ಮಂಡಲವನ್ನು ವಿದ್ಯುತ್ ನಿಯಂತ್ರಕ ಅಥವಾ ವಿ.ಆರ್.ಎಂ. ಎಂದು ಕರೆಯುತ್ತಾರೆ. ಅಗ್ಗದ ಬೋರ್ಡ್‌ಗಳಲ್ಲಿ ತಯಾರಕರು ಹೆಚ್ಚಾಗಿ ಖರ್ಚು ಉಳಿಸುವ ಭಾಗಗಳಲ್ಲಿ ಇದೂ ಒಂದು. ಕೊಳ್ಳುವವರ ಗಮನಕ್ಕೆ ಬಾರದೆ ಹೋಗುವ ಭಾಗವೂ ಇದೇ.

ರಚನೆ ಮತ್ತು ಕಾರ್ಯ

ಮನೆಗೆ ಬರುವ 230 ವೋಲ್ಟ್‌ನ ಪರ್ಯಾಯ ವಿದ್ಯುತ್ತನ್ನು ಎಸ್.ಎಂ.ಪಿ.ಎಸ್. ಪೆಟ್ಟಿಗೆಯು 12 ವೋಲ್ಟ್‌ನ ಏಕಮುಖ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಪ್ರೊಸೆಸರ್ ಕೆಲಸ ಮಾಡುವುದು ಸುಮಾರು 1ರಿಂದ 1.4 ವೋಲ್ಟ್‌ನಲ್ಲಿ. ಈ ಕೊನೆಯ ಇಳಿಕೆಯನ್ನು ವಿ.ಆರ್.ಎಂ. ನಿರ್ವಹಿಸುತ್ತದೆ. 1.2 ವೋಲ್ಟ್‌ನಲ್ಲಿ 120 ವ್ಯಾಟ್ ಬಳಸುವ ಪ್ರೊಸೆಸರ್‌ಗೆ 100 ಆಂಪಿಯರ್ ವಿದ್ಯುತ್ ಹರಿಯಬೇಕು. ಸಾವಿರ ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ನಾಲ್ಕೂವರೆ ಆಂಪಿಯರ್‌ಗೂ ಕಡಿಮೆ.

ಇಷ್ಟು ಹೊರೆಯನ್ನು ಹಲವು ‘ಫೇಸ್’ಗಳು ಹಂಚಿಕೊಳ್ಳುತ್ತವೆ. ಪ್ರತಿ ಫೇಸ್‌ನಲ್ಲಿ ಅತಿವೇಗವಾಗಿ ತೆರೆದು ಮುಚ್ಚುವ ಮಾಸ್‌ಫೆಟ್‌ಗಳು ಮತ್ತು ಚೋಕ್ ಸುರುಳಿ ಇರುತ್ತವೆ. ಹೊರಬರುವ ಏರಿಳಿತವನ್ನು ಕೆಪಾಸಿಟರ್‌ಗಳು ಸಮಗೊಳಿಸುತ್ತವೆ. ವಾಹಕದಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಹಂಚಿಕೆ ಹೆಚ್ಚಿದಷ್ಟೂ ಬಿಸಿ ಕಡಿಮೆ.

ಆಯ್ಕೆಯ ಮಾನದಂಡ

ಬೋರ್ಡನ್ನು ಅಳೆಯಬೇಕಾದುದು ಅದರಲ್ಲಿ ಕೂರಿಸುವ ಪ್ರೊಸೆಸರ್‌ನಿಂದ. ಇಂಟೆಲ್ ಕೋರ್ ಐ5-12400 ಮೂಲದಲ್ಲಿ 65 ವ್ಯಾಟ್‌ನದಾದರೂ ಗರಿಷ್ಠ 117 ವ್ಯಾಟ್‌ಗೆ ಏರಬಲ್ಲದು. ಐ9-12900ಕೆ 241 ವ್ಯಾಟ್‌ವರೆಗೆ ಹೋಗುತ್ತದೆ. ಎರಡಕ್ಕೂ ಸಾಕೆಟ್ ಒಂದೇ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿಯೂ 65 ವ್ಯಾಟ್ ಎಂದು ನಮೂದಾದ ಪ್ರೊಸೆಸರ್‌ಗೆ ವಾಸ್ತವದ ಮಿತಿ 88 ವ್ಯಾಟ್, 105 ವ್ಯಾಟ್‌ನದಕ್ಕೆ 142. ಸಾಕೆಟ್ಟಿಗೆ ಹೊಂದುವುದೇ ಬೇರೆ, ಹೊರೆಯನ್ನು ತಾಳುವುದೇ ಬೇರೆ. ದುರ್ಬಲ ವಿ.ಆರ್.ಎಂ. ಕಾದಾಗ ಪ್ರೊಸೆಸರ್‌ನ ವೇಗ ತಾನಾಗಿ ತಗ್ಗುತ್ತದೆ; ದುಬಾರಿ ಪ್ರೊಸೆಸರ್‌ಗೆ ತೆತ್ತ ಹಣ ಆ ಮಟ್ಟಿಗೆ ವ್ಯರ್ಥ.

ಪೆಟ್ಟಿಗೆಯ ಮೇಲಿನ ಫೇಸ್‌ಗಳ ಸಂಖ್ಯೆಯನ್ನು ಇದ್ದಂತೆ ನಂಬಲಾಗದು. ಅದರಲ್ಲಿ ಒಂದೆರಡು ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಮುಂತಾದ ಭಾಗಗಳಿಗೆ ಮೀಸಲಾಗಿರಬಹುದು, ಜೋಡಿಸಿದ ಎರಡನ್ನು ಪ್ರತ್ಯೇಕವಾಗಿ ಎಣಿಸಿರಲೂಬಹುದು. ಅದಕ್ಕಿಂತ ಮಾಸ್‌ಫೆಟ್‌ಗಳ ಮೇಲೆ ಲೋಹದ ಹೀಟ್‌ಸಿಂಕ್ ಇದೆಯೇ ಎಂಬುದು ಕಣ್ಣಿಗೆ ಕಾಣುವ, ಹೆಚ್ಚು ಉಪಯುಕ್ತವಾದ ಗುರುತು. 65 ವ್ಯಾಟ್ ವರ್ಗದ ಮಿತ ಬಳಕೆಯ ಪ್ರೊಸೆಸರ್‌ಗೆ ಹೀಟ್‌ಸಿಂಕ್ ಇಲ್ಲದ ಸಾಧಾರಣ ಬೋರ್ಡೂ ಹಲವು ವೇಳೆ ಸಾಕಾಗುತ್ತದೆ. ಅಲ್ಲಿ ಹೆಚ್ಚು ಖರ್ಚು ಮಾಡುವ ಅಗತ್ಯವಿಲ್ಲ.

ಹವಾಮಾನ ಮತ್ತು ಸ್ಥಳೀಯ ಪರಿಸ್ಥಿತಿ

ಕಲ್ಯಾಣ ಕರ್ನಾಟಕದಲ್ಲಿ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. ಕಲಬುರಗಿಯಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಅಥವಾ ಗೋರ್ಟಾ (ಬಿ)ಯ ಮನೆಯೊಂದರಲ್ಲಿ ಹವಾನಿಯಂತ್ರಣವಿಲ್ಲದೆ ನಡೆಯುವ ಯಂತ್ರವು, ತಂಪು ಕೋಣೆಯಲ್ಲಿ ಪರೀಕ್ಷೆಗೊಳಗಾದ ಯಂತ್ರಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಬಿಸಿಯಿಂದ ಆರಂಭವಾಗುತ್ತದೆ. ವಿದ್ಯುದ್ವಿಚ್ಛೇದ್ಯ ದ್ರವವುಳ್ಳ ಕೆಪಾಸಿಟರ್‌ನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸರಿಸುಮಾರು ಅರ್ಧವಾಗುತ್ತದೆಂಬುದು ಬಲ್ಲವರ ಲೆಕ್ಕ. ಘನ ಕೆಪಾಸಿಟರ್‌ಗಳು ಶಾಖವನ್ನು ಇದಕ್ಕಿಂತ ಚೆನ್ನಾಗಿ ತಾಳುತ್ತವೆ. ಪ್ರೊಸೆಸರ್ ಜೊತೆಗೆ ಬರುವ ಸಾಧಾರಣ ಫ್ಯಾನು ಕೆಳಮುಖವಾಗಿ ಗಾಳಿ ಬೀಸಿ ಸುತ್ತಲಿನ ವಿ.ಆರ್.ಎಂ.ಅನ್ನೂ ತಣಿಸುತ್ತದೆ, ದ್ರವ ಶೀತಕಕ್ಕೆ ಈ ಅನುಕೂಲವಿಲ್ಲ.

ಊರಿನ ಲೈನಿನಲ್ಲಿ ವೋಲ್ಟೇಜ್ ಏರಿಳಿಯುವುದನ್ನು ಉತ್ತಮ ವಿ.ಆರ್.ಎಂ. ತಡೆಯುತ್ತದೆ ಎಂಬುದು ತಪ್ಪು ತಿಳುವಳಿಕೆ. ಅದನ್ನು ತಾಳಬೇಕಾದುದು ಎಸ್.ಎಂ.ಪಿ.ಎಸ್., ಅದಕ್ಕೂ ಮೊದಲು ಯು.ಪಿ.ಎಸ್. ಅಥವಾ ಸ್ಟೆಬಿಲೈಸರ್.

ಖರೀದಿ

ರಾಜ್ಯದಲ್ಲಿ ಗಣಕಯಂತ್ರದ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಹೆಸರಾಗಿದೆ. ಬೀದರ್ ಜಿಲ್ಲೆಯವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಅದಕ್ಕಿಂತ ಬಹಳ ಹತ್ತಿರ. ಎಲ್ಲಿಯೇ ಕೊಂಡರೂ ತಯಾರಕರ ಜಾಲತಾಣದಲ್ಲಿ ಆ ಮಾದರಿಯ ಪ್ರೊಸೆಸರ್ ಪಟ್ಟಿಯನ್ನು ಮೊದಲು ನೋಡಿ, ವಾರಂಟಿ ನಮೂದಿಸಿದ ರಸೀದಿ ಪಡೆಯುವುದು ಸೂಕ್ತ.