ಅಜ್ಜನ ಕೋವಿಗೆ ವಾರಸುದಾರರು ಯಾರು?

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಅಜ್ಜ ತೀರಿಕೊಂಡರೆ ಹೊಲ, ಮನೆ ಮಕ್ಕಳ ಪಾಲಾಗುತ್ತವೆ. ಇಳಕಲ್ಲಿನ ನೇಕಾರನ ಮಗ್ಗ ಮಗನಿಗೆ ಬರುತ್ತದೆ. ಆದರೆ ಬಾದಾಮಿಯಲ್ಲಾಗಲಿ, ಹುನಗುಂದದಲ್ಲಾಗಲಿ, ಗೋಡೆಗೆ ತೂಗುಹಾಕಿದ ಬೇಟೆಯ ಕೋವಿ ಮಾತ್ರ ಹಾಗೆ ಕೈ ದಾಟುವುದಿಲ್ಲ. ಅದನ್ನು ಮೊದಲು ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕು. ವಾರಸುದಾರನಿಗೆ ಲೈಸೆನ್ಸ್ ಸಿಕ್ಕರೆ ಅದು ವಾಪಸು. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕಿಳಿದವು. ಹಿರಿಯರಿಂದ ಬಂದದ್ದೆಂದು ರಿಯಾಯಿತಿಯಿಲ್ಲ.

ಕೋವಿ ಜೀವ ತೆಗೆಯುವ ವಸ್ತು, ಕಾನೂನು ಬೇಕು ನಿಜ. ಆದರೆ ಈ ಕಾನೂನಿನ ಮೂಲ ಎಲ್ಲಿದೆ?

1857ರಲ್ಲಿ ಉತ್ತರ ಹಿಂದುಸ್ತಾನದಲ್ಲಿ ಸಿಪಾಯಿಗಳು ಬಂಡೆದ್ದಾಗ ಕಂಪನಿ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಸರಕಾರದ ಅಪ್ಪಣೆಯಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದು. ಮುಧೋಳ ಸಂಸ್ಥಾನದ ಹಲಗಲಿ ಬೇಡರ ಊರು. ಬೇಟೆಯೇ ಬದುಕಾದವರಿಗೆ ಆಯುಧ ಶೋಕಿಯ ವಸ್ತುವಲ್ಲ, ಅನ್ನದ ದಾರಿ. ಅಪ್ಪ ಹಿಡಿದದ್ದನ್ನು ಮಗ ಹಿಡಿಯಬೇಕು. ಅವರು ಕೊಡೆವೆಂದರು. ಜಡಗ, ಬಾಲ ಮೊದಲಾದವರು ಮುಂದೆ ನಿಂತರು. ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ಕುದುರೆ ದಂಡು ಊರಿಗೆ ಮುತ್ತಿಗೆ ಹಾಕಿತು. ಮನೆಗಳಿಂದ ಗುಂಡು ಹಾರಿದವು. ದಂಡು ಆ ಮನೆಗಳಿಗೇ ಬೆಂಕಿಯಿಟ್ಟಿತು. ನೂರರಷ್ಟು ಜನ ಸತ್ತರು, ಸುಮಾರು 290 ಜನ ಸೆರೆಯಾದರು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ.

ನಾಲ್ಕೇ ವರ್ಷ ಕಳೆಯಿತು. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದೇ ಕಾಯ್ದೆಯಿಂದ ವಿನಾಯಿತಿ ಘೋಷಿಸಿದ. 1837ರ ದಂಗೆಯನ್ನು ಅಡಗಿಸಲು ಅವರು ಇಂಗ್ಲಿಷರಿಗೆ ನೆರವಾಗಿದ್ದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅಲ್ಲಿ ಕೈಲ್ಪೊಳ್ದ್ ಹಬ್ಬದಂದು ಮನೆತನದ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಇದರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಪ್ರಶ್ನೆ ಬೇರೆ: ಒಂದು ಊರಿಗೆ ನೇಣಾದ ಕೋವಿ ಇನ್ನೊಂದು ನಾಡಿಗೆ ಗೌರವವಾದದ್ದು ಹೇಗೆ? ಕೋವಿಯಲ್ಲಿ ವ್ಯತ್ಯಾಸವಿರಲಿಲ್ಲ. ಆಳುವವನ ನಂಬಿಕೆ ಯಾರ ಮೇಲಿತ್ತು ಎಂಬುದರಲ್ಲಿತ್ತು.

ಇನ್ನು ಗೆದ್ದವನು ಒಯ್ದ ಕೋವಿಯ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಆಯುಧಗಳು ಲೂಟಿಯಾಗಿ ಕಡಲು ದಾಟಿದವು. 2015ರಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಆತನ ಒಂದು ಬೇಟೆಯ ಕೋವಿ 7 ಲಕ್ಷ ಪೌಂಡಿಗೂ ಮಿಕ್ಕಿ ಹೋಯಿತು. ಅಲ್ಲಿ ಅದಕ್ಕೆ ಸಂಗ್ರಹವೆಂಬ ಮರ್ಯಾದೆಯ ಹೆಸರು!

ಹಲಗಲಿಯ ಮಕ್ಕಳಿಗೆ ದಾಟಿದ್ದು ಲಾವಣಿ. ಬಾಯಿಂದ ಬಾಯಿಗೆ ಹರಿದು ಬಂದ ಅದನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚಿಗೆ ಕೊಟ್ಟವನೂ ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಜೆ. ಎಫ್. ಫ್ಲೀಟ್. ಮುಂದೆ ಅದು ಹತ್ತನೇ ತರಗತಿಯ ಕನ್ನಡ ಪಠ್ಯಕ್ಕೂ ಬಂತು. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು. ಬೀಳಗಿ-ಮುಧೋಳ ತಾಲೂಕುಗಳ ಯಡಹಳ್ಳಿ ಕಾಡು 2016ರಲ್ಲಿ ಚಿಂಕಾರಗಳ ವನ್ಯಧಾಮವಾಯಿತು. ಇಂದು ಆ ಕಾಡಿನೊಳಗೆ ಅಪ್ಪಣೆಯಿಲ್ಲದೆ ಕೋವಿ ಹಿಡಿದು ಹೋದವನು, ಯಾರ ಮೊಮ್ಮಗನಾದರೂ, ಅಪರಾಧಿಯೇ.