ಲಿಂಗಭೇದವಿಲ್ಲದ ಸಂಬೋಧನೆ (ಕೇರಳ)

ಕಚೇರಿ, ಶಾಲೆ, ದಾಖಲೆಗಳಲ್ಲಿ ಗಂಡು-ಹೆಣ್ಣು, ಮೇಲು-ಕೀಳು ಸೂಚಿಸದ ಪದಗಳಿಗಾಗಿ ನಡೆದಿರುವ ಚರ್ಚೆ. ಕನ್ನಡದ ‘ಬಂದನು’, ‘ಬಂದಳು’ ಎರಡಕ್ಕೂ ಮಲಯಾಳಂನಲ್ಲಿ ‘ವನ್ನು’ ಒಂದೇ. ಅಲ್ಲಿ ಕ್ರಿಯಾಪದ ಲಿಂಗ ಹೇಳುವುದಿಲ್ಲ. ತಕರಾರೆಲ್ಲ ಸರ್ವನಾಮ, ಗೌರವಪದಗಳದ್ದು. 2021ರಲ್ಲಿ ಪಾಲಕ್ಕಾಡಿನ ಮಾತೂರು ಪಂಚಾಯಿತಿ ‘ಸರ್’, ‘ಮೇಡಂ’ ಕೈಬಿಟ್ಟಿತು. ಅರ್ಜಿಯಲ್ಲಿ ‘ಬೇಡಿಕೊಳ್ಳುತ್ತೇನೆ’ ಎನ್ನುವ ಧಾಟಿಯೂ ಬೇಡ, ಹಕ್ಕಿನಿಂದ ಕೇಳಿ ಎಂದಿತು. ದೊಡ್ಡ ಸುಧಾರಣೆ ನಿಜಕ್ಕೂ ಇದೇ. 2023ರ ಜನವರಿಯಲ್ಲಿ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗ ಶಾಲೆಗಳಲ್ಲಿ ‘ಟೀಚರ್’ ಸಾಕೆಂದಿತು. 2025ರ ಜೂನ್‌ನಲ್ಲಿ ಕೊಚ್ಚಿಯ ಹೈಕೋರ್ಟು, ಲಿಂಗಾಂತರಿ ದಂಪತಿಯ ಮಗುವಿನ ಜನನ ಪ್ರಮಾಣಪತ್ರದಲ್ಲಿ ‘ತಂದೆ’, ‘ತಾಯಿ’ ಬದಲು ‘ಪೋಷಕರು’ ಎಂದು ನಮೂದಿಸಲು ಆದೇಶಿಸಿತು. ಮೇಲು-ಕೀಳು ಸೂಚಿಸುವ ಜಾತಿಹೆಸರಿನ ಜಗಳ ಈ ಚರ್ಚೆಗಿಂತ ಹಳೆಯದು: ದೇವಸ್ಥಾನದ ಸುತ್ತಲಿನ ರಸ್ತೆಗಳನ್ನು ಎಲ್ಲ ಜಾತಿಯವರಿಗೂ ತೆರೆಯಲು 1924–25ರಲ್ಲಿ ನಡೆದ ವೈಕಂ ಸತ್ಯಾಗ್ರಹದ ಹೊತ್ತಿಗೇ ನಾಯರ್ ಸಮುದಾಯದ ಸುಧಾರಕ ಮನ್ನತ್ತು ಪದ್ಮನಾಭನ್ ಜಾತಿಸೂಚಕ ‘ಪಿಳ್ಳೆ’ಯನ್ನು ತಮ್ಮ ಹೆಸರಿನಿಂದ ಕಿತ್ತುಹಾಕಿದ್ದರು.